ಕುರಿ ಮರಿ ಹಾಕುವ ಕಾಲ: ಗಬ್ಬದ ಕೊನೆಯ ಆರು ವಾರದಿಂದ ಮರಿ ಮೇವು ಹಿಡಿಯುವವರೆಗೆ

ಮುಂಗಾರಿನ ಹಸಿರು ಮೇದು ಬೆದೆಗೆ ಬಂದ ಕುರಿಗಳು ಬಯಲುಸೀಮೆಯಲ್ಲಿ ಮರಿ ಹಾಕುವುದು ಹೆಚ್ಚಾಗಿ ದೀಪಾವಳಿಯಿಂದ ಸಂಕ್ರಾಂತಿಯ ಒಳಗೆ. ವರ್ಷದ ಚಳಿಯೆಲ್ಲ ಬೀಳುವುದೂ ಅದೇ ರಾತ್ರಿಗಳಲ್ಲಿ. ಮರಿ ಸತ್ತರೆ ಯಾವುದೋ ಬೇನೆ ತಗುಲಿತು ಎಂದುಕೊಳ್ಳುವುದು ರೂಢಿ. ಆದರೆ ಮೊದಲ ಮೂರು ದಿನದಲ್ಲಿ ಹೋಗುವ ಮರಿಗಳಲ್ಲಿ ಬಹುಪಾಲು ಹೋಗುವುದು ಹಸಿವಿನಿಂದ, ಚಳಿಯಿಂದ, ಇಲ್ಲವೇ ಈಯುವಾಗ ತಡವಾದ್ದರಿಂದ. ಈ ಮೂರಕ್ಕೂ ಇಂಜೆಕ್ಷನ್ನಿಗಿಂತ ಹೊತ್ತಿಗೆ ಸರಿಯಾಗಿ ಹತ್ತಿರ ಇರುವ ಕೈ ಮುಖ್ಯ.

ದಿನ ಲೆಕ್ಕ ಇಡುವುದು

ಕುರಿಯ ಗಬ್ಬ ಸುಮಾರು 147 ದಿನ. 142ರಿಂದ 152ರವರೆಗೆ ಹಿಂದೆ ಮುಂದೆ ಆಗಬಹುದು. ಜೂನ್ 15ಕ್ಕೆ ಟಗರು ಹಾರಿದ್ದರೆ ನವೆಂಬರ್ 9ರ ಆಸುಪಾಸಿಗೆ ಮರಿ. ಟಗರು ವರ್ಷವಿಡೀ ಹಿಂಡಿನಲ್ಲೇ ಇದ್ದರೆ ಯಾವ ಕುರಿ ಯಾವಾಗ ಈಯುತ್ತದೆ ಎಂಬ ಲೆಕ್ಕವೇ ಸಿಗದು. ಟಗರನ್ನು ಬೇರೆ ಕಟ್ಟಿ ಆರೇಳು ವಾರ ಮಾತ್ರ ಹಿಂಡಿಗೆ ಬಿಡಿ. ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಅದರ ಎದೆಗೆ ಬಳಿದರೆ ಹಾರಿದ ಕುರಿಯ ಸೊಂಟದ ಮೇಲೆ ಗುರುತು ಕೂರುತ್ತದೆ. ಬೆದೆ 17 ದಿನಕ್ಕೊಮ್ಮೆ ಬರುವುದರಿಂದ ಎರಡು ವಾರಕ್ಕೊಮ್ಮೆ ಬಣ್ಣ ಬದಲಿಸಿ. ಹಳೆಯ ಗುರುತಿನ ಮೇಲೆ ಹೊಸ ಬಣ್ಣ ಬಿದ್ದರೆ ಆ ಕುರಿ ಗಬ್ಬ ನಿಂತಿಲ್ಲ.

ಕೊನೆಯ ಆರು ವಾರ

ಹೊಟ್ಟೆಯಲ್ಲಿರುವ ಮರಿಯ ತೂಕದಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ಬೆಳೆಯುವುದು ಈ ಆರು ವಾರದಲ್ಲಿ. ಮರಿ ದೊಡ್ಡದಾದಂತೆ ತಾಯಿಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗುತ್ತದೆ. ಹಾಗಾಗಿ ಮೇವಿನ ಪ್ರಮಾಣಕ್ಕಿಂತ ಸತ್ವ ಹೆಚ್ಚಬೇಕು. ಮೇದು ಬಂದ ಮೇಲೆ ಕುರಿಯೊಂದಕ್ಕೆ ದಿನಕ್ಕೆ 200ರಿಂದ 250 ಗ್ರಾಂ ಕೈತಿಂಡಿ ಕೊಡಿ. 100 ಕೆಜಿ ಕೈತಿಂಡಿಗೆ ಮೆಕ್ಕೆಜೋಳದ ನುಚ್ಚು 45, ಗೋಧಿ ಬೂಸಾ 32, ಶೇಂಗಾ ಹಿಂಡಿ 20, ಖನಿಜ ಮಿಶ್ರಣ 2, ಉಪ್ಪು 1 ಕೆಜಿ. ಮೊದಲ ದಿನ 50 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಮೇವು ಬಿಡುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಅಗ್ಗವೆಂದು ತರಬೇಡಿ. ಆ ಬೂಷ್ಟಿನ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಗಬ್ಬವೂ ಇಳಿದುಹೋಗಬಹುದು. ಇನ್ನೊಂದು, ಹಸುವಿಗೆಂದು ತಂದ ಖನಿಜ ಮಿಶ್ರಣವನ್ನೇ ಕುರಿಗೂ ಹಾಕುವುದು. ಹಸು ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳಿಕೊಳ್ಳದು. ಚೀಲದ ಮೇಲೆ ಕುರಿಗೆಂದು ಬರೆದಿರುವುದನ್ನೇ ಕೊಳ್ಳಿ.

ಈಯುವುದಕ್ಕೆ ಮೂರ್ನಾಲ್ಕು ವಾರ ಇರುವಾಗ ಕರುಳುಬೇನೆಯ (ಎಂಟರೋಟಾಕ್ಸಿಮಿಯಾ, ಇ.ಟಿ.) ಲಸಿಕೆ ಹಾಕಿಸಿ. ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಸೀಸೆಯ ಮೇಲಿನದನ್ನೇ ಅನುಸರಿಸಬೇಕು. ಈಗ ಹಾಕಿದ ಲಸಿಕೆಯ ಬಲ ಗಿಣ್ಣುಹಾಲಿನ ಮೂಲಕ ಮರಿಗೆ ಇಳಿದು ಮೊದಲ ಎರಡು ಮೂರು ತಿಂಗಳು ಕಾಯುತ್ತದೆ. ಲಸಿಕೆ ಹಾಕುವಾಗ ಕುರಿಯನ್ನು ಅಟ್ಟಾಡಿಸಿ, ಉಣ್ಣೆ ಹಿಡಿದು ಎಳೆದು ಕೆಡವಬೇಡಿ. ಇಕ್ಕಟ್ಟಿನ ಓಣಿಗೆ ನುಗ್ಗಿಸಿ, ಗದ್ದದ ಕೆಳಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ ಕೊಟ್ಟರೆ ನಿಂತಲ್ಲೇ ನಿಲ್ಲುತ್ತದೆ.

ಕೆಳಗಣ್ಣಿನ ರೆಪ್ಪೆಯನ್ನು ಎಳೆದು ಒಳಬಣ್ಣ ನೋಡಿ. ಕೆಂಪಿದ್ದರೆ ಸರಿ, ಬಿಳಿಚಿದ್ದರೆ ಹೆಚ್ಚಾಗಿ ರಕ್ತ ಹೀರುವ ಜಂತುಹುಳ ತುಂಬಿರುತ್ತದೆ. ಈಯುವ ಹೊತ್ತಿಗೆ ಕುರಿಯ ತಡೆಶಕ್ತಿ ತಗ್ಗಿ ಹುಳದ ಮೊಟ್ಟೆ ಹಿಕ್ಕೆಯಲ್ಲಿ ವಿಪರೀತ ಹೆಚ್ಚುತ್ತದೆ, ಮೊಟ್ಟೆಯೊಡೆದು ಬಂದ ಎಳೆಹುಳವನ್ನು ಮೇವಿನ ಜೊತೆ ಮೊದಲು ತಿನ್ನುವುದು ಮರಿಗಳೇ. ಮದ್ದು ಯಾವುದೆಂದು ಪಶುವೈದ್ಯರನ್ನು ಕೇಳಿ. ಆಲ್ಬೆಂಡಜೋಲ್ ಮಾತ್ರ ಗಬ್ಬ ನಿಂತ ಮೊದಲ ಒಂದೂವರೆ ತಿಂಗಳು ಕೊಡಬಾರದು, ಮರಿ ಅಂಗವಿಕಲವಾಗುತ್ತದೆ. ಗೊಟ್ಟದಲ್ಲಿ ಮದ್ದು ಹಾಕುವಾಗ ಕುರಿಯ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ತಲೆ ಮೇಲೆತ್ತಿ ಸುರಿದರೆ ಮದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಎರಡು ಮೂರು ದಿನದಲ್ಲಿ ಕುರಿ ಕೆಮ್ಮಿ ಕೆಮ್ಮಿ ಸಾಯುತ್ತದೆ. ಆಗ ಮದ್ದೇ ಕೆಟ್ಟದ್ದಿತ್ತು ಎಂದು ದೂರುವುದು ಮಾಮೂಲು.

ಉಣ್ಣೆಯ ತಳಿಯಾದರೆ, ಡೆಕ್ಕನಿ, ಬಳ್ಳಾರಿ ಕುರಿಗಳಂತೆ, ಈಯುವ ಒಂದು ತಿಂಗಳ ಮುಂಚೆ ಕೆಚ್ಚಲ ಸುತ್ತ, ಬಾಲದ ಬುಡ, ಒಳತೊಡೆಯ ಉಣ್ಣೆ ಕತ್ತರಿಸಿ. ಮೊಲೆ ಹುಡುಕುವ ಮರಿ ಜೋತ ಉಣ್ಣೆಯ ಎಸಳನ್ನೇ ಚೀಪುತ್ತಾ ನಿಲ್ಲುವುದುಂಟು.

ಕೊನೆಯ ಎರಡು ಮೂರು ವಾರದಲ್ಲಿ ಹಿಂಡಿನಿಂದ ಹಿಂದೆ ಬೀಳುವ, ಮೇವು ಬಿಟ್ಟು ತಲೆ ಮೇಲೆತ್ತಿ ಕುರುಡಾದಂತೆ ನಿಲ್ಲುವ, ಹಲ್ಲು ಕಡಿಯುವ ಕುರಿಯನ್ನು ಗಮನಿಸಿ. ಬಾಯಿಂದ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ ಬಂದರೆ ಅದು ಗಬ್ಬದ ಕೀಟೋಸಿಸ್, ಅಂದರೆ ರಕ್ತದಲ್ಲಿ ಸಕ್ಕರೆ ಸಾಲದೆ ಬರುವ ಬೇನೆ. ಹೊಟ್ಟೆಯಲ್ಲಿ ಅವಳಿ ಇರುವ ಕುರಿಗೇ ಹೆಚ್ಚು. ಬೆಲ್ಲದ ನೀರು ಕುಡಿಸಿದರೆ ಅದು ಮೊದಲ ಹೊಟ್ಟೆಯಲ್ಲೇ ಹುದುಗಿಹೋಗುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ 60 ಮಿ.ಲೀ. ದಿನಕ್ಕೆ ಎರಡು ಬಾರಿ ಕುಡಿಸಿ, ವೈದ್ಯರಿಂದ ರಕ್ತನಾಳಕ್ಕೆ ಗ್ಲೂಕೋಸ್ ಹಾಕಿಸಬೇಕು. ಕುರಿ ಮಲಗಿದ ಮೇಲೆ ಉಳಿಯುವುದು ಕಷ್ಟ.

ಹಟ್ಟಿಯಲ್ಲಿ ಏನಿರಬೇಕು

ಗಾಳಿಗೆ ಅಡ್ಡವಿರುವ ಮೂಲೆಯಲ್ಲಿ ಐದು ಅಡಿ ಉದ್ದ, ಐದು ಅಡಿ ಅಗಲದ ಗೂಡುಗಳನ್ನು ಕಟ್ಟಿ. ಬಿದಿರ ತಟ್ಟಿ, ಹಳೆಯ ಪ್ಯಾಲೆಟ್ ಏನಾದರೂ ಆದೀತು. ಹತ್ತು ಗಬ್ಬದ ಕುರಿಗೆ ಒಂದರಂತೆ ಲೆಕ್ಕ. ನೆಲ ಕೆರೆದು, ಸುಣ್ಣ ಉದುರಿಸಿ, ಮೇಲೆ ಒಣಹುಲ್ಲು ಹಾಸಿ. ಒಂದು ಪೆಟ್ಟಿಗೆಯಲ್ಲಿ ಇವಿಷ್ಟನ್ನು ಮೊದಲೇ ತುಂಬಿಡಿ: ಟಿಂಕ್ಚರ್ ಅಯೋಡಿನ್, ಬಾಯಗಲದ ಸಣ್ಣ ಸೀಸೆ, ನೂಲು, ಕತ್ತರಿ, ಉದ್ದನೆಯ ಕೈಗವಸು, ಲಿಕ್ವಿಡ್ ಪ್ಯಾರಾಫಿನ್, ಹಳೆಯ ಗೋಣಿತಾಟು, ಡಿಜಿಟಲ್ ಥರ್ಮಾಮೀಟರ್, 14 ನಂಬರಿನ ರೈಲ್ಸ್ ಟ್ಯೂಬ್ (ಹೊಟ್ಟೆಗೆ ಹಾಲಿಳಿಸುವ ನಳಿಕೆ), 60 ಮಿ.ಲೀ. ಸಿರಿಂಜು, ಟಾರ್ಚು. ಊರಿನ ಪಶುವೈದ್ಯರ ಫೋನ್ ನಂಬರಿನ ಜೊತೆ 1962 ಪಶು ಸಹಾಯವಾಣಿಯನ್ನೂ ಗೋಡೆಗೆ ಬರೆದಿಡಿ.

ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಈಯುವ ಕುರಿ, ಮಾಸು, ಒದ್ದೆ ಮರಿ ಯಾವುದನ್ನೂ ಅವರು ಮುಟ್ಟಬಾರದು. ಕುರಿಯಲ್ಲಿ ಗಬ್ಬ ಕೆಡಿಸುವ ಬ್ರೂಸೆಲ್ಲಾದಂಥ ರೋಗಾಣುಗಳು ಮನುಷ್ಯರಿಗೂ ಅಂಟುತ್ತವೆ. ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ, ಕಂದನ್ನೂ ಮಾಸನ್ನೂ ಆಳವಾಗಿ ಹೂಳಿ. ಒಂದೇ ಹಂಗಾಮಿನಲ್ಲಿ ಎರಡು ಮೂರು ಕುರಿ ಕಂದು ಹಾಕಿದರೆ ಪರೀಕ್ಷೆ ಮಾಡಿಸದೆ ಬಿಡಬೇಡಿ.

ಈಯುವ ಲಕ್ಷಣ, ಕಾಯುವ ಹೊತ್ತು

ಒಂದೆರಡು ದಿನ ಮೊದಲು ಕೆಚ್ಚಲು ಬಿಗಿಯಾಗಿ ಹೊಳೆಯುತ್ತದೆ, ಬಾಲದ ಬುಡದ ಎರಡೂ ಬದಿ ತಗ್ಗು ಬೀಳುತ್ತದೆ. ಈಯುವ ದಿನ ಕುರಿ ಹಿಂಡು ಬಿಟ್ಟು ಮೂಲೆ ಸೇರಿ ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ, ಬೇರೆಯವರ ಮರಿಯನ್ನು ನೆಕ್ಕಲೂ ಹೋಗುತ್ತದೆ. ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಈ ಹಂತಕ್ಕೆ ಎರಡರಿಂದ ಆರು ಗಂಟೆ ಹಿಡಿಯುತ್ತದೆ. ಚೊಚ್ಚಲು ಕುರಿಗೆ ಇನ್ನೂ ಹೆಚ್ಚು. ಈ ಹೊತ್ತಿನಲ್ಲಿ ದೂರ ನಿಂತು ನೋಡುವುದೊಂದೇ ಕೆಲಸ.

ನೀರಿನ ಚೀಲ ಕಂಡು ಒಡೆದ ಮೇಲೆ ಅರ್ಧದಿಂದ ಒಂದು ಗಂಟೆಯೊಳಗೆ ಮರಿ ಬರಬೇಕು. ಕುರಿ ಜೋರಾಗಿ ತಿಣುಕಿ ಒಂದು ಗಂಟೆಯಾದರೂ ಏನೂ ಕಾಣದಿದ್ದರೆ, ಒಂದೇ ಕಾಲು ಕಂಡರೆ, ಬರೀ ತಲೆ ಬಂದು ನಾಲಿಗೆ ಊದಿಕೊಂಡರೆ, ಇಲ್ಲವೇ ಮೊದಲು ಬಾಲವೇ ಕಂಡರೆ ಕೈ ಹಾಕಿ ನೋಡಲೇಬೇಕು. ತಡವಾಗುತ್ತಿದೆ ಎಂದು ಆಕ್ಸಿಟೋಸಿನ್ ಚುಚ್ಚಿಸುವ ಅಭ್ಯಾಸ ಹಲವೆಡೆ ಇದೆ. ಬಾಯಿ ತೆರೆಯದೆ, ಇಲ್ಲವೇ ಮರಿ ಅಡ್ಡ ಇರುವಾಗ ಅದನ್ನು ಕೊಟ್ಟರೆ ಗರ್ಭಕೋಶವೇ ಹರಿಯುತ್ತದೆ. ವೈದ್ಯರು ಕೈ ಹಾಕಿ ನೋಡಿದ ಮೇಲಷ್ಟೇ ಆ ಸೂಜಿ.

ಕೈ ಹಾಕಬೇಕಾದರೆ

1. ಉಂಗುರ ತೆಗೆದು, ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪಿನಿಂದ ತೊಳೆದು ಗವಸು ತೊಡಿ. ಕುರಿಯ ಹಿಂಭಾಗವನ್ನೂ ತೊಳೆಯಿರಿ. ಪ್ಯಾರಾಫಿನ್ ಧಾರಾಳವಾಗಿ ಸವರಿ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಒಳಚರ್ಮ ಸುಡುತ್ತದೆ.

2. ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ನಿಧಾನ ಒಳಗೆ ಬಿಡಿ. ಒಳದಾರಿ ಎರಡು ಬೆರಳಿಗಿಂತ ಹೆಚ್ಚು ಬಿಡದೆ ಉಂಗುರದಂತೆ ಬಿಗಿಯಾಗಿದ್ದರೆ ಬಲ ಮಾಡಬೇಡಿ. ಬಾಯಿ ತೆರೆದಿಲ್ಲ, ಅದು ವೈದ್ಯರ ಕೆಲಸ.

3. ಸಿಕ್ಕಿದ್ದು ಮುಂಗಾಲೋ ಹಿಂಗಾಲೋ ತಿಳಿಯಿರಿ. ಗೊರಸಿನ ಮೇಲಿನ ಕೀಲು, ಅದರ ಮೇಲಿನ ಇನ್ನೊಂದು ಕೀಲು ಎರಡೂ ಒಂದೇ ಕಡೆ ಮಡಚಿದರೆ ಮುಂಗಾಲು. ಒಂದು ಅತ್ತ, ಒಂದು ಇತ್ತ ಮಡಚಿದರೆ ಹಿಂಗಾಲು. ಕತ್ತಲಲ್ಲಿ, ಜಾರುವ ಬೆರಳಿಗೂ ಈ ಗುರುತು ತಪ್ಪುವುದಿಲ್ಲ.

4. ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ: ಸರಿಯಾದ ಭಂಗಿ ಇದು. ಎಳೆಯುವ ಮುಂಚೆ ಪ್ರತಿ ಕಾಲನ್ನೂ ಭುಜದವರೆಗೆ, ಭುಜದಿಂದ ಕುತ್ತಿಗೆಯವರೆಗೆ ಬೆರಳಲ್ಲಿ ಹಿಂಬಾಲಿಸಿ. ಅವಳಿಯಿದ್ದಾಗ ಒಂದು ಮರಿಯ ಬಲಗಾಲು, ಇನ್ನೊಂದರ ಎಡಗಾಲು ಹಿಡಿದು ಜಗ್ಗಿದರೆ ಎರಡೂ ಹೋಗುತ್ತವೆ.

5. ಒಂದು ಕಾಲು ಹಿಂದೆ ಮಡಚಿದ್ದರೆ, ಕುರಿ ತಿಣುಕದ ಹೊತ್ತು ನೋಡಿ ಮರಿಯನ್ನು ಒಳಕ್ಕೆ ತಳ್ಳಿ ಜಾಗ ಮಾಡಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತನ್ನಿ. ಗೊರಸಿನ ಚೂಪು ಗರ್ಭಕೋಶಕ್ಕೆ ತಾಗಬಾರದು, ಅದಕ್ಕೇ ಅಂಗೈ. ತಲೆ ಹಿಂದೆ ತಿರುಗಿದ್ದರೆ ಕಾಲನ್ನಷ್ಟೇ ಎಳೆಯಬೇಡಿ. ತಲೆ ಸರಿಯಾಗದೆ ಮರಿ ಹೊರಗೆ ಬಾರದು.

6. ಕುರಿ ತಿಣುಕಿದಾಗ ಮಾತ್ರ ಎಳೆಯಿರಿ, ಬಿಟ್ಟಾಗ ನೀವೂ ಬಿಡಿ. ನೇರ ಹಿಂದಕ್ಕಲ್ಲ, ಕುರಿಯ ಹಿಂಗಾಲಿನ ಕಡೆಗೆ ಕೆಳಮುಖವಾಗಿ ಎಳೆಯಬೇಕು.

7. ಎರಡೂ ಹಿಂಗಾಲು ಮೊದಲು ಬಂದರೆ ತಿರುಗಿಸುವ ಗೋಜು ಬೇಡ, ಹಾಗೆಯೇ ತೆಗೆಯಬಹುದು. ಸೊಂಟ ಹೊರಬಂದ ಮೇಲೆ ಮಾತ್ರ ತಡಮಾಡಬಾರದು. ಹೊಕ್ಕುಳಬಳ್ಳಿ ಒತ್ತಿಹೋಗಿ, ತಲೆ ಒಳಗಿರುವಾಗಲೇ ಮರಿ ಉಸಿರೆಳೆದು ನೀರು ನುಂಗುತ್ತದೆ.

ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಕೈ ತೆಗೆದು ವೈದ್ಯರನ್ನು ಕರೆಯಿರಿ. ಅರ್ಧ ಗಂಟೆ ತಡಕಾಡಿ, ಇನ್ನಿಬ್ಬರು ತಡಕಾಡಿ, ಒಳಗೆಲ್ಲ ಊದಿಕೊಂಡ ಮೇಲೆ ಬರುವ ವೈದ್ಯರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಕೈ ಹಾಕಿದ ಪ್ರತಿ ಕುರಿಗೂ ಆಂಟಿಬಯಾಟಿಕ್ ಬೇಕೇ ಎಂದು ಅವರನ್ನು ಕೇಳಿ.

ಮರಿ ನೆಲಕ್ಕೆ ಬಿದ್ದ ಮೇಲೆ

ಮೂಗು, ಬಾಯಿಯ ಲೋಳೆ ಒರೆಸಿ. ಉಸಿರಾಡದಿದ್ದರೆ ಒಣಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆಯೊಳಗೆ ಕೆಣಕಿ, ಗೋಣಿತಾಟಿನಿಂದ ಪಕ್ಕೆ ತಿಕ್ಕಿ. ಹಿಂಗಾಲು ಹಿಡಿದು ಗಿರಗಿರ ತಿರುಗಿಸುವುದು ಬೇಡ. ಲೋಳೆ ಇಳಿಯಲು ಕೆಲವು ಕ್ಷಣ ತಲೆ ಕೆಳಗಾಗಿ ಹಿಡಿದರೆ ಸಾಕು. ಆಮೇಲೆ ಮರಿಯನ್ನು ತಾಯಿಯ ಮೂತಿಯ ಮುಂದಿಡಿ. ನೆಕ್ಕುವುದರಲ್ಲೇ ಮರಿ ಒಣಗುತ್ತದೆ, ರಕ್ತ ಓಡಾಡುತ್ತದೆ, ತಾಯಿಗೆ ತನ್ನ ಮರಿಯ ವಾಸನೆ ಗುರುತಾಗುತ್ತದೆ. ಮರಿಯನ್ನು ಎತ್ತಿಕೊಂಡು ಮನೆಯೊಳಗೆ ಒಯ್ದು ಶುಚಿಮಾಡಿ ತರುವವರು ಈ ಗುರುತನ್ನೇ ಅಳಿಸುತ್ತಾರೆ. ಚೊಚ್ಚಲು ಕುರಿ ಮರಿಯನ್ನು ಒದೆಯುವುದು ಬಹಳ ಸಲ ಇದರಿಂದಲೇ.

ಹೊಕ್ಕುಳಬಳ್ಳಿ ತಾನಾಗಿ ಹರಿದಿದ್ದರೆ ಹಾಗೇ ಇರಲಿ. ಉದ್ದ ಜೋತಿದ್ದರೆ ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ನೂಲು ಕಟ್ಟಿ ಕತ್ತರಿಸಿ. ಅಯೋಡಿನ್ ತುಂಬಿದ ಸೀಸೆಯ ಬಾಯಿಗೆ ಬಳ್ಳಿಯನ್ನು ಪೂರ್ತಿ ಇಳಿಸಿ, ಸೀಸೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಮರಿಯನ್ನು ಒಮ್ಮೆ ಮೇಲೆತ್ತಿ ಇಳಿಸಿ. ಹತ್ತಿಯಲ್ಲಿ ಸವರಿದರೆ ಬಳ್ಳಿಯ ತುದಿಯೊಳಕ್ಕೆ ಮದ್ದು ಇಳಿಯದು. ಆರೆಂಟು ಗಂಟೆ ಬಿಟ್ಟು ಇನ್ನೊಮ್ಮೆ. ಹಟ್ಟಿಯ ಹೊಲಸು ಒದ್ದೆ ಬಳ್ಳಿಯ ಮೂಲಕ ಏರಿದರೆ ಒಂದೆರಡು ವಾರದಲ್ಲಿ ಕಾಲಿನ ಕೀಲುಗಳು ಊದಿಕೊಂಡು ಮರಿ ಕುಂಟುತ್ತದೆ.

ಗಿಣ್ಣುಹಾಲು

ಕುರಿಯ ಹೊಟ್ಟೆಯಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣಿನಲ್ಲಿ ಮಾತ್ರ. ಆ ಶಕ್ತಿಯನ್ನು ಹಾಗೆಯೇ ಹೀರಿಕೊಳ್ಳುವ ಕರುಳಿನ ದಾರಿ ಗಂಟೆ ಗಂಟೆಗೆ ಮುಚ್ಚುತ್ತಾ ಬಂದು 24 ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಮೊದಲ ಎರಡು ಗಂಟೆಯೊಳಗೆ ಮರಿಯ ತೂಕದ ಪ್ರತಿ ಕೆಜಿಗೆ 50 ಮಿ.ಲೀ., ದಿನ ತುಂಬುವುದರೊಳಗೆ ಕೆಜಿಗೆ 200 ಮಿ.ಲೀ. ಒಳಗೆ ಹೋಗಬೇಕು. ಎರಡೂವರೆ ಕೆಜಿ ಮರಿಗೆ ಮೊದಲು 125, ಇಡೀ ದಿನಕ್ಕೆ ಅರ್ಧ ಲೀಟರು.

ಮಾಸು ಬೀಳುವವರೆಗೆ ಹಾಲು ಕುಡಿಸಬಾರದು, ಗಿಣ್ಣು ಹೆಚ್ಚಾದರೆ ಭೇದಿ ಎಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲೇ ಆಕ್ಸಿಟೋಸಿನ್ ಬಿಡುಗಡೆಯಾಗಿ ಗರ್ಭಕೋಶ ಹಿಂಡುತ್ತದೆ, ಮಾಸು ಬೇಗ ಬೀಳುತ್ತದೆ. ಮಾಸು ಸಾಮಾನ್ಯವಾಗಿ ಆರು ಗಂಟೆಯೊಳಗೆ ಬೀಳುತ್ತದೆ. 12 ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ. ಜೋತದ್ದನ್ನು ಎಳೆಯುವುದು, ಕಲ್ಲು ಕಟ್ಟುವುದು ಎರಡೂ ಬೇಡ.

ಮೊದಲು ಎರಡೂ ಮೊಲೆಯಿಂದ ಎರಡು ಮೂರು ಧಾರೆ ಹಿಂಡಿ ತುದಿಯ ಮೇಣದಂಥ ಬಿರಡೆ ತೆಗೆಯಿರಿ. ಮರಿ ಎಷ್ಟೋ ಹೊತ್ತು ಚೀಪಿದರೂ ಹೊಟ್ಟೆ ತುಂಬದಿರುವುದಕ್ಕೆ ಈ ಬಿರಡೆ ಕಾರಣವಿರುತ್ತದೆ. ಮರಿ ಮೊಲೆ ಹಿಡಿದಿದೆ ಎಂದು ನೋಡಿ ಹೊರಡಬೇಡಿ, ಒಂದು ಗಂಟೆ ಬಿಟ್ಟು ಹೊಟ್ಟೆ ಮುಟ್ಟಿ ನೋಡಿ. ಕುಡಿದ ಮರಿ ಎದ್ದು ಮೈಮುರಿಯುತ್ತದೆ, ಪಕ್ಕೆಯ ಹಿಂದೆ ತುಂಬಿದ ಚೀಲದಂತೆ ಕೈಗೆ ಸಿಗುತ್ತದೆ. ಬೆನ್ನು ಗೂನುಮಾಡಿ ನಾಲ್ಕೂ ಕಾಲು ಒಟ್ಟಿಗೆ ಸೇರಿಸಿ ನಿಂತದ್ದು ಹಸಿದ ಮರಿ.

ತಾಯಿ ಸತ್ತರೆ, ಹಾಲು ಇಳಿಯದಿದ್ದರೆ ಅಂದೇ ಈದ ಇನ್ನೊಂದು ಕುರಿಯ ಗಿಣ್ಣು ಕೊಡಿ. ಆಡಿನದ್ದೂ ಆಗುತ್ತದೆ, ಇಲ್ಲವೇ ಹಸುವಿನದು. ಹಾಲು ಹೆಚ್ಚಿರುವ ಕುರಿಯಿಂದ ಹಿಂಡಿ 100 ಮಿ.ಲೀ. ಬಾಟಲಿಗಳಲ್ಲಿ ಫ್ರೀಜರಿನಲ್ಲಿಟ್ಟರೆ ಹಂಗಾಮಿಡೀ ಕೆಲಸಕ್ಕೆ ಬರುತ್ತದೆ. ಕರಗಿಸುವುದು ಕೈ ತಾಳುವ ಬಿಸಿನೀರಿನಲ್ಲಿಟ್ಟು. ಒಲೆಯ ಮೇಲಿಟ್ಟರೆ ಗಿಣ್ಣು ಗಟ್ಟಿಯಾಗಿ ಅದರಲ್ಲಿನ ರಕ್ಷಣಾ ಶಕ್ತಿ ನಾಶವಾಗುತ್ತದೆ.

ತಣ್ಣಗಾದ ಮರಿ

ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಡಿ. 102 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿದ್ದರೆ ಚಿಂತೆಯಿಲ್ಲ. 99ರಿಂದ 102ರ ನಡುವೆ ಇದ್ದರೆ ಒರೆಸಿ ಒಣಗಿಸಿ, ಗಿಣ್ಣು ಕುಡಿಸಿ, ತಾಯಿಯ ಜೊತೆ ಗಾಳಿಯಿಲ್ಲದ ಗೂಡಿನಲ್ಲಿಡಿ. 99ಕ್ಕಿಂತ ಕೆಳಗಿದ್ದರೆ ಮರಿಯ ವಯಸ್ಸು ನೋಡಬೇಕು.

ಹುಟ್ಟಿ ಐದು ಗಂಟೆಯೊಳಗಿನದಾದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಗಿಣ್ಣು. ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮರಿಯ ಎರಡೂ ಬದಿ ಇಟ್ಟು, ಮೇಲೆ ಕಂಬಳಿ ಹೊದಿಸಿ. ಅರ್ಧ ಗಂಟೆಗೊಮ್ಮೆ ಜ್ವರ ನೋಡುವಂತೆ ನೋಡುತ್ತಾ 100 ದಾಟಿದ ಮೇಲೆ ಕುಡಿಸಿ. ಐದು ಗಂಟೆಗಿಂತ ಹಳೆಯದಾದರೆ ಮೈಯಲ್ಲಿದ್ದ ಸಕ್ಕರೆಯೆಲ್ಲ ಆಗಲೇ ಮುಗಿದಿರುತ್ತದೆ. ಹಾಗೆಯೇ ಬೆಚ್ಚಗೆ ಮಾಡಿದರೆ ಸೆಳೆತ ಬಂದು ಸಾಯುತ್ತದೆ. ಅಂಥ ಮರಿಗೆ ಮೊದಲು ವೈದ್ಯರಿಂದ ಹೊಟ್ಟೆಯೊಳಗೆ ಗ್ಲೂಕೋಸ್ ಚುಚ್ಚಿಸಿ, ಆಮೇಲೆ ಬೆಚ್ಚಗೆ ಮಾಡಬೇಕು. ಬೆಂಕಿಯ ಪಕ್ಕ ಹಾಕಿದಾಗ ಮರಿ ಚೇತರಿಸಿಕೊಂಡಂತೆ ಕಂಡು ತಟ್ಟನೆ ಹೋಗುವುದು ಇದರಿಂದಲೇ.

ತಲೆ ಎತ್ತಲಾರದ, ಬೆರಳು ಚೀಪದ ಮರಿಗೆ ಬಾಟಲಿಯಲ್ಲಿ ಹಾಲು ಸುರಿಯಬೇಡಿ. ತಲೆ ಎತ್ತಬಲ್ಲದು ಆದರೆ ಚೀಪಲಾರದು ಎಂದಾದರೆ ಟ್ಯೂಬು ಬಳಸಿ. ಮೂತಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಟ್ಯೂಬಿನ ಮೇಲೆ ಗುರುತು ಹಾಕಿ. ಮರಿಯನ್ನು ತೊಡೆಯ ಮೇಲೆ ಕೂರಿಸಿ, ಬಾಯ ಪಕ್ಕದಿಂದ ನಾಲಿಗೆಯ ಮೇಲೆ ನಿಧಾನ ಜಾರಿಸಿ, ನುಂಗಲು ಬಿಡಿ. ಕೆಮ್ಮಿದರೆ ಹೊರತೆಗೆಯಿರಿ. ಗುರುತಿನವರೆಗೆ ಇಳಿದ ಮೇಲೆ ಸಿರಿಂಜಿನ ಒತ್ತುಗೋಲು ತೆಗೆದು ಗಿಣ್ಣು ಹುಯ್ದು ಎತ್ತಿ ಹಿಡಿದರೆ ತಾನೇ ಇಳಿಯುತ್ತದೆ. ತೆಗೆಯುವಾಗ ಟ್ಯೂಬನ್ನು ಮಡಚಿ ಹಿಡಿದು ಸರ್ರನೆ ಎಳೆಯಿರಿ, ಉಳಿದ ಹನಿ ಗಂಟಲಲ್ಲಿ ಬೀಳಬಾರದು.

ಮುಂದಿನ ವಾರಗಳು

ತಾಯಿ ಮರಿಯನ್ನು ಒಂದೆರಡು ದಿನ ಗೂಡಿನಲ್ಲೇ ಇಡಿ, ಅವಳಿಯಾದರೆ ಮೂರು ದಿನ. ಈ ದಿನಗಳಲ್ಲಿ ಮೂರನ್ನು ನೋಡಿ. ಹಳದಿ ಹಿಕ್ಕೆ ಬಾಲಕ್ಕೆ ಅಂಟಿ ಗುದದ್ವಾರ ಮುಚ್ಚಿದ್ದರೆ ಬಿಸಿನೀರಲ್ಲಿ ನೆನೆಸಿ ತೆಗೆಯಿರಿ. ಕಣ್ಣಲ್ಲಿ ನೀರು ಸುರಿದರೆ ಕೆಳರೆಪ್ಪೆ ಒಳಮಡಚಿ ಕೂದಲು ಚುಚ್ಚುತ್ತಿರಬಹುದು. ದಿನಕ್ಕೆ ನಾಲ್ಕೈದು ಸಲ ರೆಪ್ಪೆಯನ್ನು ಹೊರಕ್ಕೆ ಎಳೆದು ಬಿಟ್ಟರೆ ಹೆಚ್ಚಿನವು ಸರಿಹೋಗುತ್ತವೆ. ತಾಯಿ ಕಾಲು ಅಗಲಿಸಿ ನಡೆದು ಮರಿಯನ್ನು ಹತ್ತಿರ ಸೇರಿಸದಿದ್ದರೆ ಕೆಚ್ಚಲು ಮುಟ್ಟಿ. ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ ಕೆಚ್ಚಲುಬಾವು.

ತಾಯಿಗಳು ಮೇಯಲು ಹೋದಾಗ ಮರಿಗಳನ್ನು ಹಟ್ಟಿಯಲ್ಲಿ, ಬುಟ್ಟಿಯ ಕೆಳಗೆ ಕೂಡುವುದು ನಮ್ಮಲ್ಲಿ ಎಲ್ಲೆಡೆ ಇದೆ. ದಿನವಿಡೀ ಹಸಿದ ಮರಿ ಸಂಜೆ ಒಮ್ಮೆಲೇ ಹೊಟ್ಟೆ ಬಿರಿಯ ಕುಡಿಯುತ್ತದೆ. ಕರುಳುಬೇನೆಯ ರೋಗಾಣುವಿಗೆ ಬೇಕಾದ್ದು ಇದೇ, ಆದ್ದರಿಂದ ರಾತ್ರಿ ಬೆಳಗಾಗುವುದರಲ್ಲಿ ಸಾಯುವುದು ಹಿಂಡಿನ ಅತಿ ದಷ್ಟಪುಷ್ಟ ಮರಿ. ಮೊದಲ ಮೂರು ವಾರ ತಾಯಿಗಳನ್ನು ಹತ್ತಿರದಲ್ಲೇ ಮೇಯಿಸಿ ಮಧ್ಯಾಹ್ನ ಒಮ್ಮೆ ಕುಡಿಸುವುದು ಒಳ್ಳೆಯದು. ಸುಮ್ಮನೆ ಕೂಡಿಟ್ಟ ಮರಿ ಮಣ್ಣು, ಉಣ್ಣೆ ತಿನ್ನುತ್ತದೆ. ಖನಿಜದ ಇಟ್ಟಿಗೆ ತೂಗುಹಾಕಿ, ಎರಡನೆಯ ವಾರದಿಂದ ಚೊಗಚೆ, ಸುಬಾಬುಲ್ ಸೊಪ್ಪಿನ ಕಟ್ಟನ್ನು ಮೂತಿಯ ಎತ್ತರಕ್ಕೆ ಕಟ್ಟಿ. ನೆಲದಲ್ಲಿ ಚಿಗಟ ತುಂಬಿದರೆ ಮರಿಗಳು ರಕ್ತವಿಲ್ಲದೆ ಬಿಳಿಚುತ್ತವೆ. ನೆಲ ಕೆರೆದು ಜಾಗ ಬದಲಿಸದೆ ಬರೀ ಮರಿಯ ಮೈಗೆ ಪುಡಿ ಹಾಕಿ ಫಲವಿಲ್ಲ.

ತಬ್ಬಲಿ ಮರಿಗೆ ಎರಡನೆಯ ದಿನದಿಂದ ಆಡಿನ ಇಲ್ಲವೇ ಹಸುವಿನ ಹಾಲು, ಮೈಬಿಸಿಗೆ ಕಾಯಿಸಿ, ದಿನಕ್ಕೆ ಐದು ಸಲ, ಸಲಕ್ಕೆ 80ರಿಂದ 100 ಮಿ.ಲೀ. ನೀರು ಬೆರೆಸಬೇಡಿ, ಕುರಿಯ ಹಾಲು ಹಸುವಿನದಕ್ಕಿಂತ ಮೊದಲೇ ಗಟ್ಟಿ.

ಮೂರನೆಯ ವಾರದಿಂದ ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟ ತಡಿಕೆಯ ಹಿಂದೆ ಕೈತಿಂಡಿ ಇಡಿ: ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 30, ಗೋಧಿ ಬೂಸಾ 17, ಖನಿಜ 2, ಉಪ್ಪು 1 ಪಾಲು. ಮೊದಲು ಒಂದೊಂದು ಮುಷ್ಟಿ, ಉಳಿದದ್ದನ್ನು ಸಂಜೆ ತಾಯಿಗಳಿಗೆ ಹಾಕಿ, ಮರುದಿನಕ್ಕೆ ಹೊಸತು. ಮೂರು ತಿಂಗಳಿಗೆ ಹಾಲು ಬಿಡಿಸಬಹುದು. ಹಿರೇಬೇನೆಯ (ಪಿ.ಪಿ.ಆರ್.) ಲಸಿಕೆಯೂ ಆಗಲೇ. ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದ್ದರೆ ಮರಿಗೆ ಅದನ್ನು ಮೂರರಿಂದ ನಾಲ್ಕು ತಿಂಗಳಿಗೆ, ಹಾಕಿಸಿರದಿದ್ದರೆ ಇನ್ನೂ ಮೊದಲೇ ವೈದ್ಯರನ್ನು ಕೇಳಿ ಹಾಕಿಸಿ. ಹಾಲು ಬಿಡಿಸುವುದು, ಲಸಿಕೆ, ಜಂತುಹುಳದ ಮದ್ದು, ಸಂತೆಗೆ ಸಾಗಿಸುವುದು ಇವೆಲ್ಲ ಒಂದೇ ವಾರದಲ್ಲಿ ಬೀಳದಂತೆ ಹತ್ತು ಹದಿನೈದು ದಿನ ಬಿಟ್ಟು ಮಾಡಿ.